ಕ್ಯಾಸೆಟ್ಟಿನಲ್ಲಿ ಸಿಕ್ಕ ನಮ್ಮ ಮಾತು

ನಾವು ಗೋಕಾಕದವರು. ಮನೆಯಲ್ಲಿ ದಖನಿ, ಓಣಿಯಲ್ಲಿ ಗೋಕಾಕದ ಕನ್ನಡ. ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ಅಲ್ಲಿ ನಾವು ‘ಹೋಗೂಣು, ಬರೂಣು’ ಎಂದಾಗಲೆಲ್ಲ ಗುರುಗಳು ತಿದ್ದುತ್ತಿದ್ದರು. “ಇದು ದನಾ ಕಾಯವರ ಮಾತು, ಪುಸ್ತಕದ್ದು ಕಲಿ” ಎನ್ನುತ್ತಿದ್ದರು. ಮನೆಮಾತು ಉರ್ದುವಾದ್ದರಿಂದಲೇ ನಮ್ಮ ಕನ್ನಡ ಕೆಟ್ಟಿದೆ ಎಂದು ಬಹಳ ದಿನ ನಂಬಿದ್ದೆವು.

ಒಂದು ದಿನ ಅಬ್ಬಾ ಪೇಟೆಯಲ್ಲಿ ಹಾಡು ತುಂಬಿಸಿಕೊಂಡು ಒಂದು ಕ್ಯಾಸೆಟ್ ತಂದರು. ಅದರಲ್ಲಿ ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಇತ್ತು. ಟೇಪಿನಿಂದ ಹೊರಟದ್ದು ಪುಸ್ತಕದ ಕನ್ನಡವಲ್ಲ, ಸಂತೆಯಲ್ಲಿ, ಹೊಳೆದಂಡೆಯಲ್ಲಿ ನಾವು ದಿನಾ ಕೇಳುವ ಕನ್ನಡ. “ಅರೇ, ಯೇ ತೋ ಅಪ್ನೀಚ್ ಬೋಲಿ ಹೈ” ಎಂದರು ಅಬ್ಬಾ. ಕನ್ನಡವನ್ನು ಅವರು ‘ನಮ್ಮದೇ ಮಾತು’ ಎಂದದ್ದನ್ನು ಅಂದೇ ಕೇಳಿದ್ದು.

ಕಂಬಾರರು 1937ರಲ್ಲಿ ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ. ಅವರ ಊರಿನ ಘಟಪ್ರಭೆಯೇ ಗೋಕಾಕದಲ್ಲಿ ಜಲಪಾತವಾಗುತ್ತದೆ. 1979ರ ‘ಕಾಡು ಕುದುರೆ’ ಚಿತ್ರದ ನಿರ್ದೇಶಕರು ಅವರೇ; ಹಾಡಿನ ಪದವೂ ರಾಗವೂ ಅವರವೇ. ಹಾಡಿದವರು ಮಲೆನಾಡಿನ ಶಿವಮೊಗ್ಗ ಸುಬ್ಬಣ್ಣ. ನಮ್ಮ ಶಿಶುನಾಳ ಶರೀಫರ ಪದಗಳನ್ನು ಹಾಡಿದ ಕಂಠವದು. ಅವರಿಗೆ ಈ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಶಾಲೆ ತಪ್ಪೆಂದ ಮಾತು ದಿಲ್ಲಿಯಲ್ಲಿ ಮನ್ನಣೆ ಪಡೆದಿತ್ತು.

ಈ ಹಾಡಿನ ಬೇರು ಹಳೆಯದು. ಈಗ ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣ, ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ‘ಶ್ರೀಕೃಷ್ಣ ಪಾರಿಜಾತ’ವನ್ನು ಬೆಳೆಸಿದ್ದು ಇದೇ ಮಣ್ಣಿನಲ್ಲಿ. ಕೃಷ್ಣನೂ ಸತ್ಯಭಾಮೆಯೂ ಆ ಆಟದಲ್ಲಿ ನಮ್ಮ ಓಣಿಯವರ ಹಾಗೆಯೇ ಮಾತನಾಡುತ್ತಾರೆ. ಬಡತನದಿಂದ ಶಾಲೆ ಬಿಟ್ಟಿದ್ದ ಕಂಬಾರರ ಓದಿಗೆ ಆಸರೆಯಾದದ್ದು ಗೋಕಾಕ ತಾಲೂಕಿನ ಸಾವಳಗಿ ಮಠ. ಅಲ್ಲಿಯ ಶಿವಲಿಂಗೇಶ್ವರರಿಗೂ ಕಲಬುರಗಿಯ ಬಂದೇನವಾಜರಿಗೂ ಇದ್ದ ಸ್ನೇಹದ ಕತೆಯನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಇಂಥ ನೆಲದ ಮಾತು ಯಾವುದೋ ಒಂದು ಜಾತಿಯ ಆಸ್ತಿಯಾಗುವುದಾದರೂ ಹೇಗೆ?

ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಬಂತು. 2022ರಲ್ಲಿ ಸುಬ್ಬಣ್ಣ ತೀರಿಕೊಂಡರು. ಅಬ್ಬಾ ಇಲ್ಲ, ಟೇಪೂ ಇಲ್ಲ. ಆದರೆ ಕತೆ ಬರೆಯಲು ಕೂತಾಗ ನಮ್ಮ ಪಾತ್ರಗಳ ಮಾತನ್ನು ತಿದ್ದುವ ಧೈರ್ಯ ಆ ಹಾಡಿನಿಂದಾಗಿ ನಮಗೆ ಇಂದಿಗೂ ಬಂದಿಲ್ಲ.

ಮೊನ್ನೆ ಇಂಗ್ಲಿಷ್ ಶಾಲೆಗೆ ಹೋಗುವ ಮಗಳು, ಗೆಳತಿಯರೆದುರು ಹಳ್ಳಿ ಮಾತು ಆಡಬೇಡಿ ಎಂದಳು. ನಾವು ಸಿಟ್ಟಾಗಲಿಲ್ಲ. ಮೊಬೈಲಿನಲ್ಲಿ ಆ ಹಾಡು ಹಚ್ಚಿ, ಪಕ್ಕದಲ್ಲಿ ಕೂಡಿಸಿಕೊಂಡೆವು. ಮುಗಿದ ಮೇಲೆ ಅವಳೇ ಇನ್ನೊಮ್ಮೆ ಹಚ್ಚಿದಳು.