ಅವಳ ಬಿಂದಿಗೇಲೇ ಕುಡುದ್ರಾ ಸಾರ್?



ಈ ಸಲದ ಬೇಸಿಗೆ ರಜೆಯಲ್ಲಿ ಆಫೀಸಿಗೆ ಐದು ದಿನ ರಜೆ ಹಾಕಿ ನಮ್ಮ ಕೇರಿಯ ಸಣ್ಣ ಚರ್ಚಿನಲ್ಲಿ ಮಕ್ಕಳ ಜೊತೆ ಕಾಗದ ಕತ್ತರಿಸ್ಕೊಂಡು ಕೂತಿದ್ದೆ. ವಿಷಯ ಗೊತ್ತಾಗಿ ಸಂಘದ ಗೆಳೆಯನೊಬ್ಬ ಫೋನ್ ಮಾಡಿದ. "ಏನಣ್ಣ, ಏಪ್ರಿಲ್ ಹದಿನಾಲ್ಕಕ್ಕೆ ಪಂಚಶೀಲ ಹೇಳಿಸ್ದೆ, ಮೇ ತಿಂಗಳಿಗೆ ಬೈಬಲ್ ಹಿಡ್ಕಂಡಿದ್ದೀಯಂತೆ?" ನಗಾಡ್ತಾನೇ ಕೇಳ್ದ, ಆದ್ರೆ ಮಾತಿನೊಳಗೆ ಮುಳ್ಳಿತ್ತು. ಆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಮಕ್ಕಳ ಹೆಸರು, ಊರಿನ ಹೆಸರು ಬರೆಯೋದಿಲ್ಲ. ಯಾಕೆ ಅಂತ ಓದ್ತಾ ಓದ್ತಾ ನಿಮಗೇ ಗೊತ್ತಾಗುತ್ತೆ.

ನಮ್ಮ ಕೇರಿ ನಿಮ್ಮ ಕೇರಿ ಥರಾನೇ. ಒಂದೇ ಗೋಡೆ ಹಂಚ್ಕೊಂಡಿರೋ ಅಣ್ಣ ತಮ್ಮನ ಮನೆ. ಅಣ್ಣನ ಮನೇಲಿ ಬಾಬಾಸಾಹೇಬರ ಫೋಟೋ ಪಕ್ಕ ಮಾರಮ್ಮ, ತಮ್ಮನ ಮನೇಲಿ ಬಾಬಾಸಾಹೇಬರ ಫೋಟೋ ಪಕ್ಕ ಶಿಲುಬೆ. ಪ್ರತಿ ಬೇಸಿಗೆ ಚರ್ಚಿನಲ್ಲಿ ಮಕ್ಕಳಿಗೆ ವಿ.ಬಿ.ಎಸ್. ಶಿಬಿರ. ಹಾಡು, ಕಥೆ, ಕೈಕೆಲಸ, ಮಧ್ಯಾಹ್ನಕ್ಕೆ ಚಿತ್ರಾನ್ನ. ಎರಡೂ ಮನೆ ಮಕ್ಕಳು ಹೋಗ್ತವೆ. ಕೈಕೆಲಸ ಹೇಳಿಕೊಡ್ತಿದ್ದ ಟೀಚರಮ್ಮ ಈ ಸಲ ಬಾಣಂತನಕ್ಕೆ ತವರಿಗೆ ಹೋಗಿದ್ರು. ಅಯ್ಯನೋರು ನನ್ನ ಮನೆ ಬಾಗಿಲಿಗೆ ಬಂದು, "ಜಯಂತಿಗೆ ಥರ್ಮಾಕೋಲಲ್ಲಿ ಪಾರ್ಲಿಮೆಂಟ್ ಕಟ್ಟಿದೋರು ನೀವು, ನಮ್ಮ ಚಿಕ್ಕಮಕ್ಕಳಿಗೆ ದಿನಕ್ಕೊಂದು ಬೊಂಬೆ ಮಾಡಿಸ್ಕೊಡಿ" ಅಂದ್ರು. ನಾನು ಚರ್ಚಿನೋನಲ್ಲ ಅಂದೆ. "ಪ್ರಾರ್ಥನೆ ನಾವ್ ಮಾಡ್ಕೋತೀವಿ ಸಾರ್, ಅಂಟು ನೀವ್ ಹಚ್ಚಿ" ಅಂದ್ರು. ಒಪ್ಪಿಕೊಂಡೆ.

ಐದರಿಂದ ಎಂಟು ವರ್ಷದ ಇಪ್ಪತ್ಮೂರು ಮಕ್ಕಳು. ಒಂದೊಂದು ಮಗುವಿನ ಹೆಸರಲ್ಲೂ ಅಪ್ಪನದೋ ಅಮ್ಮನದೋ ಸಹಿ ಇರೋ ಚೀಟಿ. 2022ರ ಮತಾಂತರ ಕಾಯ್ದೆ ಬಂದ ಮೇಲೆ ಅಯ್ಯನೋರು ಚೀಟಿ ಇಲ್ಲದೆ ಒಂದು ಬಿಸ್ಕತ್ತನ್ನೂ ಹಂಚಲ್ಲ. ಗುಮಾಸ್ತ ನಾನು, ಆ ಚೀಟಿಗಳನ್ನ ನಾನೇ ನಂಬರ್ ಹಾಕಿ ಫೈಲ್ ಮಾಡಿಕೊಟ್ಟೆ.

ಮೊದಲ ದಿನ ನೋಹನ ನಾವೆ. ಐಸ್‌ಕ್ರೀಮ್ ಕಡ್ಡಿ, ರಟ್ಟು, ಮೈದಾ ಅಂಟು. ಇಪ್ಪತ್ತು ವರ್ಷ ಗೋಡೆಗೆ ಪೋಸ್ಟರ್ ಹಚ್ಚಿದ ಕೈ ನಂದು, ಅಂಟು ಕಾಯಿಸೋದು ಯಾರೂ ಹೇಳಿಕೊಡಬೇಕಿಲ್ಲ. ಪೋಸ್ಟರಿಗಾದ್ರೆ ಹುಳ ಹಿಡೀದಂಗೆ ಮೈಲುತುತ್ತ ಹಾಕ್ತೀವಿ. ಇಲ್ಲಿ ಹಾಕಲಿಲ್ಲ, ಮಕ್ಕಳು ಬೆರಳು ಬಾಯಿಗಿಡ್ತವೆ. ಅದೊಂದು ಬಿಟ್ರೆ ಉಳಿದಿದ್ದೆಲ್ಲ ತಪ್ಪೇ ಮಾಡ್ದೆ. ಐದು ವರ್ಷದ ಮಗು ಕೈಗೆ ಕತ್ತರಿ ಕೊಟ್ಟು ವೃತ್ತ ಕತ್ತರಿಸು ಅಂದೆ. ಅಂಟಿನ ಬಟ್ಟಲನ್ನ ಮಧ್ಯದಲ್ಲಿಟ್ಟೆ. ಅರ್ಧ ಗಂಟೆಗೆ ಆನೆ, ಕುದುರೆ, ನೋಹ, ನನ್ನ ಪ್ಯಾಂಟು ಎಲ್ಲ ಒಂದಕ್ಕೊಂದು ಅಂಟ್ಕೊಂಡಿದ್ವು. ಅವತ್ತು ರಾತ್ರಿ ಹನ್ನೊಂದರವರೆಗೆ ಕೂತು ಮಾರನೇ ದಿನದ್ದನ್ನೆಲ್ಲ ನಾನೇ ಕತ್ತರಿಸಿಟ್ಟೆ. ಒಬ್ಬೊಬ್ಬರಿಗೂ ಒಂದೊಂದು ರಟ್ಟಿನ ಚೂರಲ್ಲಿ ಒಂದು ಚಮಚ ಅಂಟು, ಅಷ್ಟೇ. ಮಕ್ಕಳಿಗೆ ಮಡಚೋದು, ಅಂಟಿಸೋದು, ಬಣ್ಣ ಹಚ್ಚೋದು ಬಿಟ್ರೆ ಸಾಕು.

ಎರಡನೇ ದಿನ ಮೋಶೆಯ ಬುಟ್ಟಿ. ಕಥೆ ಗೊತ್ತಲ್ಲ, ಐಗುಪ್ತದಲ್ಲಿ ಗುಲಾಮರ ಗಂಡುಮಕ್ಕಳನ್ನ ನದಿಗೆ ಹಾಕಿ ಅಂತ ಫರೋಹ ಅಪ್ಪಣೆ ಮಾಡ್ತಾನೆ. ಒಬ್ಬ ತಾಯಿ ಜೊಂಡಿನ ಬುಟ್ಟಿಗೆ ರಾಳ ಬಳಿದು, ಕೂಸನ್ನ ಅದರಲ್ಲಿಟ್ಟು ನೀರಂಚಿಗೆ ಬಿಡ್ತಾಳೆ. ಅಕ್ಕ ದೂರ ನಿಂತು ಕಾಯ್ತಾಳೆ. ನಾವು ಪೇಪರ್ ಕಪ್ಪನ್ನ ಉದ್ದಕ್ಕೆ ಸೀಳಿ, ತೆಂಗಿನ ಗರಿ ಸೇರಿಸಿ ಹೆಣೆದ್ವಿ. ಹತ್ತಿ ಉಂಡೆಗೆ ಟೈಲರ್ ಅಂಗಡಿ ಚಿಂದಿ ಸುತ್ತಿ ಕೂಸು ಮಾಡಿದ್ವಿ. ಕೊನೆಗೆ, ಬುಟ್ಟಿ ತಳಕ್ಕೆ ಅವರವರ ಹೆಸರು ಬರೀರಿ, ಬದಲಾಗಬಾರದು ಅಂದೆ.

ಏಳು ವರ್ಷದ ಹುಡುಗ ಸ್ಕೆಚ್ ಪೆನ್ ಹಿಡ್ಕೊಂಡು ಹತ್ರ ಬಂದ. ಕಿವಿ ಹತ್ರ ಬಂದು ಕೇಳ್ದ. "ಸಾರ್, ಸ್ಕೂಲ್ ಹೆಸ್ರು ಬರೀಲಾ, ಚರ್ಚ್ ಹೆಸ್ರು ಬರೀಲಾ?"

ಗೆಳೆಯರೇ, ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ಎಲ್ಲಿ ಯಾವ ಹೆಸರು ಬರೀಬೇಕು ಅಂತ ಏಳು ವರ್ಷದ ಮಗುವಿಗೆ ಗೊತ್ತಿದೆ. ಯಾರು ಕಲಿಸಿದ್ದು? ಅವನಪ್ಪನಾ? ಅಲ್ಲ. ಕಲಿಸಿದ್ದು 1950ರ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶದ ಮೂರನೇ ಪ್ಯಾರಾ. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತ ಅದು ಹೇಳಿತು. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು. ನಮ್ಮ ಬೌದ್ಧರನ್ನ ಸೇರಿಸೋಕೆ 1990 ಬರಬೇಕಾಯ್ತು. ಕ್ರೈಸ್ತರಾದ ದಲಿತರು, ಮುಸ್ಲಿಮರಾದ ದಲಿತರು ಇವತ್ತಿಗೂ ಹೊರಗೇ. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಸ್ಥಾನಮಾನಕ್ಕೂ ಧರ್ಮಕ್ಕೂ ಗಂಟು ಹಾಕಬೇಡಿ ಅಂತ ಶಿಫಾರಸು ಮಾಡಿತು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕ ಆಯ್ತು. ಆಯೋಗದ ಮೇಲೆ ಆಯೋಗ. ಇತ್ತ ಒಂದೇ ಅಜ್ಜಿಯ ಮೊಮ್ಮಕ್ಕಳಲ್ಲಿ ಗೋಡೆ ಈ ಕಡೆಯವನಿಗೆ ಸರ್ಟಿಫಿಕೇಟ್ ಸಿಗುತ್ತೆ, ಆ ಕಡೆಯವನು ಎರಡು ಹೆಸರು ಇಟ್ಕೋಬೇಕು. ಶಿಲುಬೆ ಹಾಕ್ಕೊಂಡ ಅಂತ ಊರಿನೋರು ಅವನನ್ನ ಒಳಗೆ ಕರೆದು ಮಣೆ ಹಾಕ್ತಾರಾ? ಊರಿಗೆ ಅವನು ಕೇರಿಯವನೇ. ಸರ್ಕಾರದ ಕಾಗದದಲ್ಲಿ ಮಾತ್ರ ಅಲ್ಲ.

"ನಿಂಗೆ ಯಾವ್ದು ಇಷ್ಟಾನೋ ಅದನ್ನ ಬರಿ ಕಣಪ್ಪ" ಅಂದೆ. ಅವನು ತುಂಬಾ ಹೊತ್ತು ಯೋಚನೆ ಮಾಡಿ ಮೀನಿನ ಚಿತ್ರ ಬರೆದ. ಹೆಸರು ಬರೀಲೇ ಇಲ್ಲ.

ಮೂರನೇ ದಿನ ಯೋಸೇಫನ ಬಣ್ಣದ ನಿಲುವಂಗಿ, ಟೈಲರ್ ಚಿಂದಿಯೆಲ್ಲ ಅಲ್ಲೇ ಖಾಲಿ. ನಾಲ್ಕನೇ ದಿನ ದಾವೀದನ ಕವಣೆ. ಕಾಗದದ ಉಂಡೆ ತಾನೇ ಅಂತ ಮಾಡಿಸ್ದೆ, ಹತ್ತು ನಿಮಿಷಕ್ಕೆ ಅಯ್ಯನೋರೇ ಗೊಲ್ಯಾತ ಆದ್ರು. ಅವರ ಕನ್ನಡಕ ನೆಲಕ್ಕೆ ಬಿದ್ದಾಗ ಕವಣೆಗಳನ್ನ ಚೀಲಕ್ಕೆ ತುಂಬಿ ಕಟ್ಟಿಟ್ಟೆ.

ಐದನೇ ದಿನ ಬಾವಿ.

ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಬರೋ ಕಥೆ. ಮಧ್ಯಾಹ್ನದ ಹೊತ್ತು. ದಾರಿ ನಡೆದು ದಣಿದ ಯೇಸು ಯಾಕೋಬನ ಬಾವಿ ಹತ್ರ ಕೂತಿರ್ತಾನೆ. ಸಮಾರ್ಯದ ಹೆಂಗಸೊಬ್ಬಳು ನೀರಿಗೆ ಬರ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇಲ್ಲ. ಇವನು ಅವಳನ್ನ ನೀರು ಕೇಳ್ತಾನೆ. ನೀನು ನನ್ನ ಹತ್ರ ಕೇಳೋದಾ ಅಂತ ಅವಳು ಬೆರಗಾಗ್ತಾಳೆ.

ಪೇಪರ್ ಕಪ್ಪಿನ ಬಾವಿ. ಎರಡು ಐಸ್‌ಕ್ರೀಮ್ ಕಡ್ಡಿ ನಿಲ್ಲಿಸಿ ಅಡ್ಡಕ್ಕೊಂದು ಕಡ್ಡಿ, ಉಲ್ಲನ್ ದಾರದ ಹಗ್ಗ, ನೀರಿನ ಬಾಟಲಿ ಮುಚ್ಚಳ ಬಿಂದಿಗೆ. ಪಕ್ಕದಲ್ಲಿ ರಟ್ಟಿನ ಎರಡು ಬೊಂಬೆ. ಆರು ವರ್ಷದ ಒಂದು ಹುಡುಗಿ ಹೆಂಗಸಿನ ಬೊಂಬೆಯನ್ನ ಬಾವಿಯಿಂದ ಒಂದು ಗೇಣು ದೂರ, ರಟ್ಟಿನ ತುದಿಗೆ ಅಂಟಿಸಿದ್ಲು. "ಯಾಕವ್ವ ಅಷ್ಟು ದೂರ ನಿಲ್ಲಿಸಿದ್ದೀ?" ಅಂದೆ. "ಅವ್ರು ಹುಯ್ಲಿ ಅಂತ" ಅಂದ್ಲು.

ಅವಳಜ್ಜಿ ಕೂಲಿಗೆ ಹೋಗೋ ಹೊಲದ ಮನೇಲಿ ನೀರು ಹಂಗೇ ಕೊಡೋದು. ಮೇಲಿಂದ ಹುಯ್ತಾರೆ, ಅಜ್ಜಿ ಬೊಗಸೆ ಒಡ್ತಾಳೆ. ರಜೇಲಿ ಮೊಮ್ಮಗಳೂ ಜೊತೇಲಿ ಹೋಗ್ತಾಳೆ. ನಾನು ಅವಳಷ್ಟಿದ್ದಾಗ ನಮ್ಮವ್ವ ಊರ ಬಾವಿ ಕಟ್ಟೆಯಿಂದ ಆಚೆ ಬಿಂದಿಗೆ ಇಟ್ಟು, "ಒಂದ್ ಕೊಡ ಹುಯ್ರವ್ವಾ" ಅಂತ ಅಂಗಲಾಚ್ತಾ ನಿಲ್ತಿದ್ದಿದ್ದನ್ನ ಕಣ್ಣಾರೆ ಕಂಡೋನು. ನಲವತ್ತು ವರ್ಷ ಆಯ್ತು. ಬಾವಿ ಹಾಳಾಗಿ ಮನೆ ಮುಂದೆ ನಲ್ಲಿ ಬಂತು. ಒಂದು ಗೇಣು ದೂರ ಮಾತ್ರ ಹಂಗೇ ಉಳ್ಕೊಂಡಿದೆ, ಆರು ವರ್ಷದ ಮಗು ಕೈಬೆರಳಲ್ಲಿ.

"ಇಲ್ಲ ಕಣವ್ವ, ಈ ಕಥೇಲಿ ಬಿಂದಿಗೆ ಇರೋದು ಅವಳ ಹತ್ರ. ನೀರು ಕೇಳೋನೇ ಅವನು" ಅಂದೆ.

ಅವಳು ಕಣ್ಣರಳಿಸಿ ಕೇಳಿದ್ಲು. "ಅವಳ ಬಿಂದಿಗೇಲೇ ಕುಡುದ್ರಾ ಸಾರ್?"

ಹೂಂ ಅನ್ನೋಕೆ ಬಾಯಿ ತೆರೆದೆ. ಖಾತ್ರಿ ಇರಲಿಲ್ಲ. ಅಯ್ಯನೋರ ಮುಖ ನೋಡ್ದೆ. ಅವರು ಬೈಬಲ್ ತೆಗೆದು ಇಬ್ಬರೂ ಓದಿದ್ವಿ. ಜೀವಜಲದ ಮಾತಿದೆ, ಅವಳು ಕೊಡ ಅಲ್ಲೇ ಬಿಟ್ಟು ಊರೊಳಕ್ಕೆ ಹೋದ ಮಾತಿದೆ. ಅವನು ಆ ನೀರು ಕುಡಿದ ಅಂತ ಎಲ್ಲೂ ಬರೆದಿಲ್ಲ. ಮೂವತ್ತು ವರ್ಷ ಪ್ರಸಂಗ ಮಾಡಿದೀನಿ, ಇದನ್ನ ಯಾವತ್ತೂ ಗಮನಿಸೇ ಇರಲಿಲ್ಲ ಅಂದ್ರು ಅಯ್ಯನೋರು. ನೀರು ಸಲೀಸಾಗಿ ಸಿಕ್ಕೋರಿಗೆ ಈ ಪ್ರಶ್ನೆ ಹೊಳೆಯಲ್ಲ. ಅವಳಿಗೆ ಹೊಳೀತು.

"ಬರ್ದಿಲ್ಲ ಕಣವ್ವ" ಅಂದೆ.

ಅಯ್ಯನೋರು ಬೈಬಲ್ ಮುಚ್ಚಿ, "ಸಾರ್, ನಿಮ್ಮ ಹತ್ರಾನೂ ಒಂದು ನೀರಿನ ಕಥೆ ಇದೆಯಲ್ಲ, ಹೇಳಿ" ಅಂದ್ರು. ಹೇಳ್ದೆ. 1927ರ ಮಾರ್ಚ್ 20. ಮಹಾಡ್ ಊರಿನ ಚೌಡಾರ್ ಕೆರೆ. ದನ ಕುಡೀಬಹುದು, ನಾವು ಕುಡೀಬಾರದು. ಎಲ್ಲರಿಗೂ ಕೆರೆ ತೆರೆದಿದೆ ಅಂತ ಪುರಸಭೆ ಮೂರು ವರ್ಷ ಮೊದಲೇ ನಿರ್ಣಯ ಮಾಡಿತ್ತು, ಕಾಗದದಲ್ಲಿ. ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡ್ಕೊಂಡು ಹೋಗಿ ನೀರು ಮುಟ್ಟಿ ಕುಡುದ್ರು. ಆಮೇಲೆ ಹೊಡೆತ ಬಿತ್ತು, ಕೆರೆಗೆ ಸಗಣಿ ಗಂಜಲ ಹುಯ್ದು ಶುದ್ಧ ಮಾಡಿದ್ರು, ಕೇಸು ನಡೀತು. 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಾವು ಗೆದ್ವಿ.

"ಅವ್ರು ಕುಡುದ್ರಾ?" ಅಂದ್ಲು ಹುಡುಗಿ.

"ಕುಡುದ್ರು. ಅದು ಬರ್ದದೆ."

ಅವಳು ತಲೆಯಾಡಿಸಿ, ಅಂಟಿದ್ದ ಬೊಂಬೆಯನ್ನ ಕಿತ್ತು ಬಾವಿ ಕಟ್ಟೆ ಮೇಲೆ ತಂದಿಟ್ಲು. ಬಾಟಲಿ ಮುಚ್ಚಳವನ್ನ ಯೇಸು ಬೊಂಬೆಯ ಬಾಯಿಗೆ ಅಂಟಿಸಿದ್ಲು. "ನಂದ್ರಲ್ಲಿ ಕುಡುದ್ರು" ಅಂದ್ಲು. ಮುಚ್ಚಳ ದೊಡ್ಡದು, ಬೊಂಬೆ ಮುಖವೇ ಕಾಣ್ತಿರಲಿಲ್ಲ. ನಾನು ಸರಿ ಮಾಡೋಕೆ ಹೋಗಲಿಲ್ಲ.

ಸಂಘದ ಗೆಳೆಯನಿಗೆ ನನ್ನ ಉತ್ತರ ಇಷ್ಟೇ. ನಾನು ಮತ ಬದಲಾಯಿಸಿಲ್ಲ ಕಣಪ್ಪ, ಬುದ್ಧನ ದಾರೀಲೇ ಇದೀನಿ. ಆದ್ರೆ ಗೋಡೆ ಆ ಕಡೆ ಇರೋ ಮಕ್ಕಳು ನಮ್ಮವಲ್ಲ ಅಂತ ನಾವೂ ಅಂದ್ರೆ, ಆ ಮೂರನೇ ಪ್ಯಾರಾ ಬರೆದೋರಿಗೂ ನಮಗೂ ಏನು ವ್ಯತ್ಯಾಸ?

ಮುಂದಿನ ಮಾರ್ಚ್ 20ಕ್ಕೆ ಕೇರಿಯ ಎಲ್ಲ ಮಕ್ಕಳ ಕೈಲಿ ಚೌಡಾರ್ ಕೆರೆ ಮಾಡಿಸಬೇಕು ಅಂತಿದೀನಿ. ಜಾಗ ಚರ್ಚಿನ ಅಂಗಳ, ಅಯ್ಯನೋರು ಒಪ್ಪಿದ್ದಾರೆ. ಹಳೇ ರಟ್ಟು, ಉಲ್ಲನ್ ದಾರ, ಬಾಟಲಿ ಮುಚ್ಚಳ ಇದ್ದೋರು ಎಸೀಬೇಡಿ, ಎತ್ತಿಡಿ. ಮೈದಾ ಅಂಟು ನಾನು ಕಾಯಿಸ್ತೀನಿ.

ಜೈಭೀಮ್.