ಪಟ್ಟಿಯ ಹೊರಗಿನವರು

ಆಟವನ್ನಾಡುವುದು ಸುಲಭ, ಆಡಿಸುವುದು ಕಷ್ಟ, ಆಡುವವರನ್ನು ಆರಿಸುವುದಂತೂ ಎಲ್ಲಕ್ಕಿಂತ ಕಷ್ಟವಾದ ಕೆಲಸ. ಆಡುವವನಿಗೆ ತನ್ನ ಮೈಯೊಂದರ ಚಿಂತೆ. ಆಡಿಸುವವನಿಗೆ ಪಂದ್ಯದ ಚಿಂತೆ. ಆರಿಸುವವನಿಗಾದರೋ, ತಾನು ಆರಿಸದೆ ಬಿಟ್ಟ ಹುಡುಗರ ಮುಖಗಳ ಚಿಂತೆ. ರಬಕವಿ-ಬನಹಟ್ಟಿಯಲ್ಲಿ ತರುಣರ ಒಂದು ಕಬಡ್ಡಿ ತಂಡವನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ ಈ ಮೂರನೆಯ ಚಿಂತೆಯು ಪ್ರತಿ ಬೇಸಿಗೆಯಲ್ಲಿಯೂ ತಪ್ಪದೆ ಬರುತ್ತದೆ. ಮನೆಯಲ್ಲಿ ಬೆಳೆಯುವ ಮಕ್ಕಳುಳ್ಳ ಗೃಹಸ್ಥರಿಗೆ ಇದು ಕೇವಲ ಆಟದ ಮಾತಾಗಿ ತೋರಲಿಕ್ಕಿಲ್ಲವೆಂದು ನಂಬಿ ನಾಲ್ಕು ಮಾತು ಬರೆಯುತ್ತೇನೆ.

ರಬಕವಿ, ಬನಹಟ್ಟಿಗಳು ಒಂದಕ್ಕೊಂದು ತಾಗಿಕೊಂಡಿರುವ ನೇಕಾರರ ಊರುಗಳು. 1948ರವರೆಗೆ ರಬಕವಿಯು ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ರನ್ನ ಕವಿಯ ಊರಾದ ಮುಧೋಳದಲ್ಲಿ ಘೋರ್ಪಡೆಯವರ ಆಳಿಕೆ. ಬೀಳಗಿಯು ಇಂಗ್ರೇಜರ ವಿಜಾಪುರ ಜಿಲ್ಲೆಯಲ್ಲಿ. ಈಗ ಇವೆಲ್ಲವೂ 1997ರಲ್ಲಿ ಹುಟ್ಟಿದ ಬಾಗಲಕೋಟೆ ಜಿಲ್ಲೆಗೆ ಸೇರಿವೆ. ನಮ್ಮ ತಂಡವೂ ಹಾಗೆಯೇ ಹಲವು ಕಡೆಯಿಂದ ಕೂಡಿದ್ದು. ಎರಡೂ ಊರುಗಳ ನೇಕಾರರ ಮಕ್ಕಳು ಅರ್ಧದಷ್ಟು. ಜಮಖಂಡಿ, ಮುಧೋಳಗಳ ಕಡೆಯಿಂದ ಕಬ್ಬು ಬೆಳೆಯುವ ಒಕ್ಕಲಿಗರ ಮಕ್ಕಳು. ಆಲಮಟ್ಟಿಯ ಕಟ್ಟೆಯಿಂದ ಕೃಷ್ಣೆಯ ನೀರು ಹಿಂದಕ್ಕೆ ಏರಿದಾಗ ನೆಲೆ ಬಿಟ್ಟು ಎತ್ತರಕ್ಕೆ ಬಂದ ಬೀಳಗಿ ಸೀಮೆಯ ಮನೆತನಗಳ ಒಂದಿಬ್ಬರು.

ಅಭ್ಯಾಸಕ್ಕೆ ನಾವು ಗೊತ್ತುಮಾಡಿಕೊಂಡದ್ದು ಏಪ್ರಿಲ್, ಮೇ ತಿಂಗಳುಗಳನ್ನು. ಆಗ ಶಾಲೆಗಳಿಗೆ ಬಿಡುವು. ಸಕ್ಕರೆಯ ಕಾರಖಾನೆಗಳ ಅರೆಯುವ ಹಂಗಾಮು ಮುಗಿದಿರುತ್ತದೆ. ಹೊಲಗಳು ಮಳೆಗಾಗಿ ಕಾಯುತ್ತಿರುತ್ತವೆ. ಮಗ್ಗಕ್ಕೆ ಮಾತ್ರ ಬಿಡುವೆಂಬುದಿಲ್ಲ. ಆದುದರಿಂದ ಬೆಳಗಿನ ಐದೂವರೆಗೇ ಮೈದಾನಕ್ಕೆ ಬಂದು, ಬಿಸಿಲು ಏರುವ ಮುಂಚೆ ಹುಡುಗರು ತಂತಮ್ಮ ಕೆಲಸಕ್ಕೆ ಹೋಗಬೇಕು.

ಬೇಸಿಗೆಗೆ ಮುಂಚಿನ ಇಂಥ ಅಭ್ಯಾಸವು ನಮ್ಮಲ್ಲಿ ಮಾತ್ರ ಉಂಟೆಂದು ತಿಳಿಯಬಾರದು. ಅಮೇರಿಕೆಯವರ ಮೆಚ್ಚಿನ ಬೇಸ್‌ಬಾಲ್ ಆಟದ ದೊಡ್ಡ ತಂಡಗಳು ಫೆಬ್ರುವರಿಯಲ್ಲಿ, ಉತ್ತರದ ಊರುಗಳಲ್ಲಿ ಇನ್ನೂ ಹಿಮವಿರುವಾಗಲೇ, ಬೆಚ್ಚಗಿನ ಫ್ಲೋರಿಡಾ ಮತ್ತು ಅರಿಜೋನಾ ಪ್ರಾಂತಗಳಿಗೆ ಹೋಗಿ ಬಿಡಾರ ಹೂಡುತ್ತವೆ. ಒಂದೊಂದು ಬಿಡಾರದಲ್ಲಿ ಸುಮಾರು ಅರವತ್ತು ಆಟಗಾರರು. ಆರು ವಾರ ಕಳೆದು ಪಂದ್ಯಗಳ ಕಾಲವು ಮೊದಲಾಗುವಷ್ಟರಲ್ಲಿ ಪಟ್ಟಿಯಲ್ಲಿ ಉಳಿಯುವ ಹೆಸರುಗಳು 26 ಮಾತ್ರ. ಉಳಿದವರಲ್ಲಿ ಬಹುಜನರು ಕೆಳಗಿನ ದರ್ಜೆಯ ತಂಡಗಳಿಗೆ ಹೋಗಿ ಅಲ್ಲಿ ಆಡುತ್ತ ಕರೆಗಾಗಿ ಕಾಯುತ್ತಾರೆ. ಹಣ, ಕೀರ್ತಿಗಳ ಅಳತೆಯಲ್ಲಿ ಅವರಿಗೂ ನಮಗೂ ಆಕಾಶ-ಭೂಮಿಗಳ ಅಂತರ. ಆದರೆ ಪಟ್ಟಿಯನ್ನು ಹಿಡಿದು ನಿಂತವನ ಸಂಕಟವು ಎರಡೂ ಕಡೆಗೆ ಒಂದೇ.

ಕಬಡ್ಡಿಯ ತಂಡದಲ್ಲಿ 12 ಜನರು. ಅಂಗಳದಲ್ಲಿ ಆಡುವವರು 7, ಹೊರಗೆ ಕಾಯುವವರು 5. ಕಳೆದ ಬೇಸಿಗೆಯಲ್ಲಿ ನಮ್ಮ ಮೈದಾನಕ್ಕೆ ಬಂದವರು 26 ಹುಡುಗರು. ಮೊದಲಿನ ಎರಡು ವಾರಗಳಲ್ಲಿ ನಾನು ಯಾರ ಹೆಸರನ್ನೂ ಹೊಡೆಯುವುದಿಲ್ಲ. ಕೆಲವರು ತಾವಾಗಿಯೇ ನಿಲ್ಲುತ್ತಾರೆ. ಬೆಳಗಿನ ನಿದ್ದೆಯು ನನಗಿಂತ ನಿಷ್ಠುರನಾದ ಪರೀಕ್ಷಕ! ಆಮೇಲೆ ಒಬ್ಬೊಬ್ಬರನ್ನಾಗಿ ನೋಡತೊಡಗುತ್ತೇನೆ. ಎದುರಾಳಿಯ ಅಂಗಳಕ್ಕೆ ನುಗ್ಗುವವನು ಒಂದೇ ಉಸಿರಿನಲ್ಲಿ ‘ಕಬಡ್ಡಿ, ಕಬಡ್ಡಿ’ ಎನ್ನುತ್ತ 30 ಸೆಕೆಂಡುಗಳೊಳಗೆ ತಿರುಗಿ ಬರಬೇಕು. ಅವನಿಗೆ ಉಸಿರು ಬೇಕು, ಅದಕ್ಕಿಂತ ಹೆಚ್ಚಾಗಿ ಉಸಿರು ಮುಗಿಯುವ ಮುನ್ನವೇ ಹಿಂದಿರುಗುವ ವಿವೇಕವು ಬೇಕು. ಮೂಲೆಯಲ್ಲಿ ನಿಲ್ಲುವವನಿಗೆ ತಾಳ್ಮೆ ಬೇಕು; ಅವನು ಒಂದು ಹೆಜ್ಜೆ ಮುಂಚಿತವಾಗಿ ಇಟ್ಟರೆ ಬಂದವನು ಅವನನ್ನೇ ಮುಟ್ಟಿ ಹೋಗುತ್ತಾನೆ. ಕೈಕೈ ಹಿಡಿದು ಸರಪಳಿಯಾಗಿ ನಿಲ್ಲುವ ಜೋಡಿಗಳಿಗೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿದಿರಬೇಕು.

ತೂಕದ ಪ್ರಶ್ನೆಯೂ ಇದೆ. ಜಾತ್ರೆಗಳ ಪಂದ್ಯಗಳಲ್ಲಿ ಹಲವು ತೂಕದ ಮಿತಿಯವು. ಮಿತಿಗಿಂತ ಎರಡು ಕಿಲೋ ಹೆಚ್ಚಿರುವ ಹುಡುಗನು ಎರಡು ದಿನ ಅನ್ನ-ನೀರು ಬಿಟ್ಟು ತಕ್ಕಡಿಯ ಮೇಲೆ ನಿಲ್ಲಲು ಸಿದ್ಧನಾಗುತ್ತಾನೆ. ಇದಕ್ಕೆ ನಾನು ಒಪ್ಪುವುದಿಲ್ಲ. ಬಿಸಿಲಿನಲ್ಲಿ ನೀರಿಲ್ಲದ ಮೈಯಿಂದ ಆಡುವುದು ಪ್ರಾಣಕ್ಕೇ ಅಪಾಯಕರವಾದದ್ದು. ತಾಯಂದಿರು ಈ ವಿಷಯದಲ್ಲಿ ಎಚ್ಚರದಿಂದಿರಬೇಕು. ಆಟದ ದಿನಗಳಲ್ಲಿ ಮಗನು ರೊಟ್ಟಿಯನ್ನು ಬೇಡವೆಂದರೆ ಕಾರಣವನ್ನು ಕೇಳಬೇಕು.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಹುತುತು ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಈ ಆಟದಲ್ಲಿ ಹಿಂದೆ ಮೂರು ಪದ್ಧತಿಗಳಿದ್ದವು. ಗಾಮಿನಿಯಲ್ಲಿ, ಒಮ್ಮೆ ಔಟಾದವನು ತನ್ನ ಪಕ್ಷದವರೆಲ್ಲರೂ ಔಟಾಗುವವರೆಗೆ ಹೊರಗೇ ಕೂಡಬೇಕು. ಅಮರದಲ್ಲಿ ಔಟಾದರೂ ಯಾರೂ ಹೊರಗೆ ಹೋಗುವುದಿಲ್ಲ. ಎದುರಿನವರಿಗೆ ಅಂಕವು ಮಾತ್ರ ಸಲ್ಲುತ್ತದೆ. ಸಂಜೀವಿನಿಯಲ್ಲಿ ಔಟಾದವನು ಹೊರಗೆ ಹೋಗುತ್ತಾನೆ. ಅವನ ಪಕ್ಷದವರು ಎದುರಿನವನೊಬ್ಬನನ್ನು ಔಟು ಮಾಡಿದ ಕೂಡಲೆ, ಮೊದಲು ಹೋದವನು ಮೊದಲು ಎಂಬ ಸರದಿಯಂತೆ, ಮತ್ತೆ ಒಳಗೆ ಬರುತ್ತಾನೆ. ಇಂದು ಎಲ್ಲೆಡೆಯಲ್ಲಿಯೂ ನಡೆಯುವ ಕಬಡ್ಡಿಯು ಈ ಸಂಜೀವಿನಿಯ ಮೇಲೆ ಬೆಳೆದದ್ದು. 1990ರಲ್ಲಿ ಬೀಜಿಂಗಿನ ಏಶಿಯಾ ಕ್ರೀಡಾಕೂಟದಲ್ಲಿ ಸ್ಥಾನ ಪಡೆದದ್ದೂ ಇದೇ.

ಪಟ್ಟಿ ಮಾಡುವುದರಲ್ಲಿಯೂ ಈ ಮೂರು ಪದ್ಧತಿಗಳುಂಟು. ಯಾರನ್ನೂ ಬಿಡಲಾರದೆ ಎಲ್ಲರಿಗೂ ಹೂಂ ಎನ್ನುವವನದು ಅಮರ. ಅವನ ತಂಡವು ಪಂದ್ಯದ ದಿನ ಜಗಳಕ್ಕೆ ಬೀಳುತ್ತದೆ. ಹೆಸರುಗಳನ್ನು ಗೋಡೆಗೆ ಅಂಟಿಸಿ ಹಿಂದಕ್ಕೆ ನೋಡದೆ ಹೋಗುವವನದು ಗಾಮಿನಿ. ಅವನು ಬಿಟ್ಟ ಹುಡುಗನು ಆಟವನ್ನೇ ಬಿಡುತ್ತಾನೆ. ನಾನು ಹಿಡಿದದ್ದು ಮೂರನೆಯ ದಾರಿಯನ್ನು.

ಕಳೆದ ಬೇಸಿಗೆಯ ಕೊನೆಯ ವಾರದಲ್ಲಿ 11 ಹೆಸರುಗಳು ನಿಶ್ಚಯವಾಗಿದ್ದವು. ಹನ್ನೆರಡನೆಯ ಸ್ಥಾನಕ್ಕೆ ಇಬ್ಬರು. ಒಬ್ಬನು ಬನಹಟ್ಟಿಯ ನೇಕಾರನ ಮಗ. ಹಗಲೆಲ್ಲ ವಿದ್ಯುತ್ ಮಗ್ಗದ ಮುಂದೆ ನಿಂತು ತುಂಡಾದ ಎಳೆಯನ್ನು ಕಂಡು ಹಿಡಿಯುವ ಕಣ್ಣು ಅವನದು. ಇನ್ನೊಬ್ಬನು ಬೀಳಗಿ ಕಡೆಯವನು; ಅಭ್ಯಾಸಕ್ಕಾಗಿಯೇ ಬನಹಟ್ಟಿಯ ಸೋದರಮಾವನ ಮನೆಯಲ್ಲಿ ಬಂದಿದ್ದು, ಒಂದು ದಿನವೂ ತಪ್ಪಿಸಿರಲಿಲ್ಲ. ಉಸಿರಿನಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಆದರೆ ನಮಗೆ ಬೇಕಾಗಿದ್ದವನು ಎಡಮೂಲೆಯಲ್ಲಿ ನಿಲ್ಲುವವನು. ಅಲ್ಲಿ ನಿಲ್ಲಿಸಿದಾಗಲೆಲ್ಲ ಇವನ ಕಾಲು ಆತುರಪಟ್ಟು ಮುಂದೆ ಬರುತ್ತಿತ್ತು. ನೇಕಾರನ ಮಗನು ಮಾತ್ರ ಬಂದವನು ತಿರುಗುವವರೆಗೆ ಕಾಯುತ್ತಿದ್ದನು. ನಾನು ನೇಕಾರನ ಮಗನ ಹೆಸರನ್ನು ಬರೆದೆನು.

ಪಟ್ಟಿಯನ್ನು ಓದುವುದಕ್ಕೆ ಮುಂಚೆ, ಬಿಟ್ಟವರನ್ನು ಒಬ್ಬೊಬ್ಬರನ್ನಾಗಿ ಕರೆದು ಹೇಳುವುದು ನನ್ನ ರೂಢಿ. ನಾಲ್ಕು ಜನರ ಎದುರಿನಲ್ಲಿ ಕೇಳಿದ ‘ಇಲ್ಲ’ವು ಅಪಮಾನವಾಗುತ್ತದೆ, ಒಬ್ಬನೇ ಇರುವಾಗ ಕಾರಣದೊಡನೆ ಕೇಳಿದರೆ ಅದು ಪಾಠವಾಗಬಹುದು. ಬೀಳಗಿಯ ಹುಡುಗನಿಗೆ ಬೇವಿನ ಮರದ ಕೆಳಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆನು: ಉಸಿರು ಸಾಕಷ್ಟಿದೆ, ಧೈರ್ಯವಿದೆ, ಎಡಗಾಲು ಇನ್ನೂ ಕಾಯಲು ಕಲಿಯಬೇಕು. ಅವನು ನೆಲವನ್ನು ನೋಡುತ್ತ ಬಹಳ ಹೊತ್ತು ನಿಂತನು. ಕಡೆಗೆ, “ಗುರುಗಳೆ, ನಾಳೆ ಬರಲೇ, ಬೇಡವೇ?” ಎಂದು ಕೇಳಿದನು.

ವಾಚಕರೆ, ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಆರಿಸುವವನ ಯೋಗ್ಯತೆಯೆಲ್ಲವೂ ಅಡಗಿದೆಯೆಂದು ನನಗೆ ತೋರುತ್ತದೆ. ಕನಿಕರದಿಂದ ‘ಬಾರಪ್ಪ’ ಎಂದರೆ ಅವನಿಗೆ ಅದು ತಿಳಿಯದೆ ಹೋಗದು. ನಾನು ಅವನಿಗೆ ಲೆಕ್ಕವನ್ನು ಹೇಳಿದೆನು. ಪಂದ್ಯಕ್ಕೆ 12 ಜನರು ಸಾಕು. ಆದರೆ ಏಳಕ್ಕೆ ಏಳು ಕೂಡಿಸಿ ಅಭ್ಯಾಸ ನಡೆಸಲು 14 ಜನರು ಬೇಕು. ಪಟ್ಟಿಯ ಹೊರಗಿನ ಇಬ್ಬರಾದರೂ ಬಾರದಿದ್ದರೆ ಪಟ್ಟಿಯೊಳಗಿನವರ ಅಭ್ಯಾಸವು ಒಂದು ದಿನವೂ ಸರಿಯಾಗಿ ನಡೆಯದು. ಎದುರಿನಲ್ಲಿ ಚೆನ್ನಾಗಿ ನುಗ್ಗುವವನಿಲ್ಲದೆ ಮೂಲೆಯವನು ಹಿಡಿಯಲು ಕಲಿಯುವುದೆಲ್ಲಿಂದ? “ನೀನು ಬಂದರೆ ತಂಡವು ಗಟ್ಟಿಯಾಗುತ್ತದೆ, ನಿನ್ನ ಎಡಗಾಲೂ ಕಲಿಯುತ್ತದೆ. ಮುಂದಿನ ಪಟ್ಟಿಯ ಮಾತನ್ನು ಮಾತ್ರ ಈಗಲೇ ಕೊಡಲಾರೆ,” ಎಂದೆನು. ಮರುದಿನ ಐದೂವರೆಗೆ ಅವನು ಎದುರು ಪಕ್ಷದಲ್ಲಿ ನಿಂತಿದ್ದನು. ಅಂದು ನಮ್ಮ ಹೊಸ ಮೂಲೆಯವನು ಅವನನ್ನು ಹಿಡಿಯಲಾರದೆ ನಾಲ್ಕು ಸಲ ಔಟಾದನು. ವಾರ ಕಳೆಯುವುದರೊಳಗೆ ಹಿಡಿಯಲು ಕಲಿತನು.

ಇನ್ನು ಮನೆಯವರ ಮಾತು. ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗನು ಮನೆಗೆ ಬಂದಾಗ ಎರಡು ಬಗೆಯ ಮಾತುಗಳು ಅವನಿಗಾಗಿ ಕಾಯುತ್ತಿರುತ್ತವೆ. “ಆರಿಸಿದವನು ಪಕ್ಷಪಾತಿ” ಎಂಬುದು ಒಂದು, “ನಿನ್ನಿಂದ ಏನಾದೀತು?” ಎಂಬುದು ಇನ್ನೊಂದು. ಮೊದಲನೆಯದು ಅವನಿಗೆ ಕಾರಣವನ್ನು ಮರೆಯಿಸುತ್ತದೆ. ಎರಡನೆಯದು ಧೈರ್ಯವನ್ನು ಕಳೆಯುತ್ತದೆ. ಪಕ್ಷಪಾತವೆಂಬುದು ಜಗತ್ತಿನಲ್ಲಿಲ್ಲವೆಂದು ನಾನು ಹೇಳುವುದಿಲ್ಲ. ಅದು ಕಂಡರೆ ಹಿರಿಯರು ಹೋಗಿ ಕೇಳತಕ್ಕದ್ದೇ. ಆದರೆ ಮೊದಲು ಹುಡುಗನನ್ನು ಕೇಳಬೇಕು: “ಏನು ಕಾರಣ ಹೇಳಿದರು?” ಕಾರಣ ಹೇಳಿಲ್ಲವಾದರೆ, ಮರುದಿನ ವಿನಯದಿಂದ ಕೇಳಿಕೊಂಡು ಬರುವಂತೆ ಅವನನ್ನೇ ಕಳಿಸಬೇಕು.

ಪರೀಕ್ಷೆ, ನೌಕರಿ, ಸಂಬಂಧಗಳ ಮಾತುಕತೆ, ಹೀಗೆ ಮುಂದೆ ಅವನು ನೋಡಬೇಕಾದ ಪಟ್ಟಿಗಳು ಅನೇಕ. ಎಲ್ಲದರಲ್ಲಿಯೂ ತನ್ನ ಹೆಸರನ್ನು ಕಂಡವರು ನಮ್ಮಲ್ಲಿ ಯಾರಿದ್ದಾರೆ? ಹೊರಗೆ ಕುಳಿತಾಗ ಮುಖವನ್ನು ಅಂಗಳದ ಕಡೆಗೆ ತಿರುಗಿಸಿಕೊಂಡು ಕೂಡುವುದನ್ನು ಹದಿನಾರರ ವಯಸ್ಸಿನಲ್ಲಿ, ಬೇಸಿಗೆಯ ಒಂದು ಮುಂಜಾವಿನಲ್ಲಿ ಕಲಿತುಕೊಂಡರೆ ಅದು ಕಪ್ಪು-ಬಿಲ್ಲೆಗಳಿಗಿಂತ ಹೆಚ್ಚು ಕಾಲ ಬಾಳುವ ಗಳಿಕೆ. ಬೀಳಗಿಯ ಹುಡುಗನು ಈ ಸಲದ ಪಟ್ಟಿಯಲ್ಲಿ ಇರುವನೋ ಇಲ್ಲವೋ, ಇಂದೇ ಹೇಳಲಾರೆ. ಅವನ ಎಡಗಾಲು ಮಾತ್ರ ಈಗ ಕಾಯುತ್ತದೆ.