ಯಾವ ವಿಷಯದಲ್ಲಿ ಎಂ.ಎ.?

ಸ್ನಾತಕೋತ್ತರ ಪದವಿಗೆ ವಿಷಯ ಆರಿಸಿಕೊಳ್ಳುವವರ ಮುಂದೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳಿರುತ್ತವೆ: ಯಾವುದು ಸುಲಭ, ಯಾವುದು ಇಷ್ಟ. ಎಚ್‌ಇಕೆ ಓದಿದ ಬಿ.ಎ. ವಿದ್ಯಾರ್ಥಿ ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳಲ್ಲಿ ಒಂದನ್ನು ಹಿಡಿಯಬೇಕು. ಪಿಸಿಎಂ ಓದಿದ ಬಿ.ಎಸ್‌ಸಿ. ವಿದ್ಯಾರ್ಥಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಒಂದನ್ನು. ಮೂರು ವರ್ಷ ಮೂರನ್ನೂ ಒಟ್ಟಿಗೆ ಓದಿ, ಯಾವುದಕ್ಕೂ ಪೂರ್ತಿ ಮನಸ್ಸು ಕೊಡದೆ ಬಂದವರಿಗೆ, ಅರ್ಜಿ ತುಂಬುವ ಹೊತ್ತಿಗೆ ಪೇಚಾಟ ಶುರುವಾಗುತ್ತದೆ. ಹಾಸ್ಟೆಲಿನ ಸೀನಿಯರ್‌ಗಳ ಬಳಿ ಮಾತ್ರ ಉತ್ತರ ಸಿದ್ಧವಾಗಿರುತ್ತದೆ: ಕನ್ನಡ ಸುಲಭ, ಸಮಾಜಶಾಸ್ತ್ರ ಇನ್ನೂ ಸುಲಭ, ಅರ್ಥಶಾಸ್ತ್ರ ಕಷ್ಟ, ಗಣಿತದ ತಂಟೆಗೇ ಹೋಗಬೇಡ.

ಈ ಪಟ್ಟಿ ಹುಟ್ಟುವುದು ಪದವಿ ತರಗತಿಯ ಅಂಕಪಟ್ಟಿಯಿಂದ. ಎಂ.ಎ. ತರಗತಿಯಲ್ಲಿ ಅದು ಬಹಳ ದಿನ ನಿಲ್ಲುವುದಿಲ್ಲ. ಕನ್ನಡವನ್ನೇ ನೋಡಬಹುದು. ಪದವಿಯಲ್ಲಿ ಒಂದು ಕಾದಂಬರಿ, ಒಂದು ನಾಟಕ, ಕೆಲವು ಕವಿತೆ ಓದಿ ಒಳ್ಳೆಯ ಅಂಕ ಪಡೆದವರು ಎಂ.ಎ.ಗೆ ಬಂದಾಗ ಎದುರಾಗುವವರು ಪಂಪ, ರನ್ನ, ಕೇಶಿರಾಜ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ವ್ಯಾಕರಣ ಸೂತ್ರಗಳನ್ನು ಕಂದಪದ್ಯದಲ್ಲಿ ಬರೆದ. ಸೂತ್ರದ ಕೆಳಗೆ ವೃತ್ತಿ, ಅದರ ಕೆಳಗೆ ಹಳೆಯ ಕವಿಗಳಿಂದ ಎತ್ತಿದ ಪ್ರಯೋಗಗಳು. ತರಗತಿಯಲ್ಲಿ ಒಂದು ಸೂತ್ರ ಮುಗಿಯಬೇಕಾದರೆ ಮೊದಲು ಸಂಧಿ ಬಿಡಿಸಿ ಪದಗಳನ್ನು ಬೇರೆ ಮಾಡಬೇಕು, ಆಮೇಲೆ ಅನ್ವಯಕ್ಕೆ ಜೋಡಿಸಬೇಕು, ಆಮೇಲೆ ಅರ್ಥ. ಈಗಿನ ಬರವಣಿಗೆಯಲ್ಲಿ ಇಲ್ಲದ ಱ, ೞ ಅಕ್ಷರಗಳು ನಡುನಡುವೆ ತಡೆದು ನಿಲ್ಲಿಸುತ್ತವೆ. ನಾಲ್ಕು ಸಾಲಿಗೆ ಒಂದು ಗಂಟೆಯ ಪಾಠ ಸಾಲದೆ ಹೋಗುವುದೂ ಉಂಟು. ಇದರ ಜೊತೆಗೆ ಛಂದಸ್ಸು, ಕಾವ್ಯಮೀಮಾಂಸೆ, ಭಾಷಾವಿಜ್ಞಾನ. ಓಲೆಗರಿಗಳ ಪಾಠಾಂತರಗಳನ್ನು ಹೋಲಿಸಿ ನೋಡುವ ಗ್ರಂಥಸಂಪಾದನೆ. ಮನೆಮಾತು ತಾನೇ ಎಂದು ಸೇರಿದವರು ಮೊದಲ ಸೆಮಿಸ್ಟರಿನಲ್ಲೇ ಬೆವರುವುದು ಇದಕ್ಕಾಗಿ.

ಅರ್ಥಶಾಸ್ತ್ರದಲ್ಲಿ ಪೆಟ್ಟು ಬೇರೆ ಕಡೆಯಿಂದ ಬೀಳುತ್ತದೆ. ಪಂಚವಾರ್ಷಿಕ ಯೋಜನೆ, ಬ್ಯಾಂಕ್ ರಾಷ್ಟ್ರೀಕರಣ, ಬಡತನ ಎಂದು ಕನ್ನಡದಲ್ಲಿ ಪುಟ ತುಂಬಿಸಿ ಪಾಸಾದವರ ಮುಂದೆ ಎಂ.ಎ.ಯ ಸೂಕ್ಷ್ಮ ಅರ್ಥಶಾಸ್ತ್ರ ಡಿಫರೆನ್ಷಿಯೇಷನ್ ತಂದಿಡುತ್ತದೆ, ಎಕನಾಮೆಟ್ರಿಕ್ಸ್ ರಿಗ್ರೆಷನ್ ತಂದಿಡುತ್ತದೆ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಕೈಮುಗಿದು ಕಲಾ ವಿಭಾಗಕ್ಕೆ ಬಂದವರಿಗೆ ಅದು ಬೆನ್ನಟ್ಟಿ ಬಂದಂತಾಗುತ್ತದೆ. ಮನಃಶಾಸ್ತ್ರ ಸೇರಿದವರಿಗೂ ಸಂಖ್ಯಾಶಾಸ್ತ್ರ ತಪ್ಪುವುದಿಲ್ಲ.

ಗಣಿತದವರ ಸಂಕಟ ಇನ್ನೊಂದು ಬಗೆ. ಬಿ.ಎಸ್‌ಸಿ.ಯಲ್ಲಿ ಇಂಟಿಗ್ರೇಷನ್ ಲೆಕ್ಕಗಳನ್ನು ಪುಟಗಟ್ಟಲೆ ಬಿಡಿಸಿ ಬಂದವರಿಗೆ ಎಂ.ಎಸ್‌ಸಿ.ಯ ರಿಯಲ್ ಅನಾಲಿಸಿಸ್‌ನಲ್ಲಿ ಲೆಕ್ಕವೇ ಸಿಗುವುದಿಲ್ಲ. ಸಿಗುವುದು ಪ್ರಮೇಯ ಮತ್ತು ಸಾಧನೆ. 1953ರಲ್ಲಿ ಮೊದಲು ಅಚ್ಚಾದ ವಾಲ್ಟರ್ ರೂಡಿನ್ನರ ಪುಸ್ತಕ ಇಂದಿಗೂ ಈ ಪತ್ರಿಕೆಯ ಆಧಾರಗ್ರಂಥಗಳಲ್ಲಿ ಒಂದು. ಗಾತ್ರದಲ್ಲಿ ದೊಡ್ಡದೇನಲ್ಲ, ಆದರೆ ಅದರ ಅರ್ಧ ಪುಟದ ಸಾಧನೆಯಲ್ಲಿ ಲೇಖಕರು ಬರೆಯದೆ ಬಿಟ್ಟ ಹೆಜ್ಜೆಗಳನ್ನು ತುಂಬಲು ವಿದ್ಯಾರ್ಥಿಗೆ ಒಂದು ಸಂಜೆ ಹಿಡಿಯುತ್ತದೆ. ಇಲ್ಲಿ ಬಾಯಿಪಾಠ ಕೈಹಿಡಿಯುವುದಿಲ್ಲ. ಹಾಗೆಂದು ಓದಿನ ಹೊರೆಯೂ ಹೆಚ್ಚಲ್ಲ: ಇತಿಹಾಸದ ವಿದ್ಯಾರ್ಥಿ ಪರೀಕ್ಷೆಗೆ ಮುನ್ನ ಓದಬೇಕಾದ ಪುಟಗಳನ್ನು ಕಂಡರೆ ಗಣಿತದವರು ತಮ್ಮ ಪಾಡೇ ವಾಸಿ ಎಂದುಕೊಂಡಾರು.

ಹೀಗೆ ಕಷ್ಟ ಎಂಬುದು ಒಂದೊಂದು ವಿಷಯದಲ್ಲಿ ಒಂದೊಂದು ಬಗೆ. ಕೆಲವು ವಿಷಯ ನೆನಪನ್ನು ಕೇಳುತ್ತವೆ, ಕೆಲವು ತರ್ಕವನ್ನು. ರಸಾಯನಶಾಸ್ತ್ರದಂಥವು ಪ್ರಯೋಗಾಲಯದಲ್ಲಿ ಮಧ್ಯಾಹ್ನವೆಲ್ಲ ನಿಲ್ಲುವ ಕಾಲನ್ನೂ ಕೇಳುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಭಾಷೆಯ ಕಷ್ಟ ಇವೆಲ್ಲಕ್ಕಿಂತ ಮೊದಲು ಬರುತ್ತದೆ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ರಾಜ್ಯದ ಹಲವು ವಿಶ್ವವಿದ್ಯಾನಿಲಯಗಳು ಕನ್ನಡದಲ್ಲಿ ಉತ್ತರ ಬರೆಯಲು ಬಿಡುತ್ತವೆ. ವಿಜ್ಞಾನದಲ್ಲಿ ಇಂಗ್ಲಿಷೇ ಗತಿ. ವಿಷಯ ಕಷ್ಟವೆಂದು ಬಿಟ್ಟುಹೋದ ಎಷ್ಟೋ ಜನರಿಗೆ ನಿಜಕ್ಕೂ ಕಷ್ಟವಾಗಿದ್ದುದು ಅದನ್ನು ಹೇಳಿದ ಇಂಗ್ಲಿಷು.

ಆಸಕ್ತಿಯ ಮಾತೂ ಅಷ್ಟು ಸರಳವಲ್ಲ. ಪದವಿ ತರಗತಿಯಲ್ಲಿ ಸೊಗಸಾಗಿ ಪಾಠ ಮಾಡಿದ ಒಬ್ಬ ಮೇಷ್ಟ್ರ ಮೇಲಿನ ಅಭಿಮಾನ ವಿಷಯದ ಮೇಲಿನ ಪ್ರೀತಿಯಂತೆ ಕಾಣಬಹುದು. ವಿಜಯನಗರದ ವೈಭವದ ಕಥೆಗಳಿಗೆ ಮನಸೋತು ಇತಿಹಾಸ ಸೇರಿದವರ ಮುಂದೆ ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಗ್ರಹದ ಸಂಪುಟ ಬಂದು ಕೂರುತ್ತದೆ. ಅದರಲ್ಲಿರುವುದು ದತ್ತಿ ಬಿಟ್ಟ ಗದ್ದೆಯ ಎಲ್ಲೆ, ತೆರಿಗೆಯ ವಿವರ, ಸಾಕ್ಷಿಗಳ ಹೆಸರು, ಕೊನೆಗೊಂದು ಶಾಪ. ಇತಿಹಾಸಕಾರನ ದಿನನಿತ್ಯದ ಕೆಲಸ ಇದೇ. ಈ ಸಾಲುಗಳ ಮುಂದೆ ಆಕಳಿಸದೆ ಕುಳಿತವರ ಆಸಕ್ತಿಯನ್ನು ನಂಬಬಹುದು. ಯಾವ ವಿಷಯಕ್ಕೂ ಇಂಥ ಒಂದು ಒಣಭಾಗ ಇದ್ದೇ ಇರುತ್ತದೆ. ವಿಷಯದ ಆಯ್ಕೆ ನಿಲ್ಲಬೇಕಾದದ್ದು ಅದರ ಮೇಲೆ. ರಸವತ್ತಾದ ಭಾಗ ಎಲ್ಲರಿಗೂ ಇಷ್ಟವೇ.

ಕನ್ನಡ ಲೇಖಕರ ಓದಿನ ದಾರಿಗಳಲ್ಲಿ ಈ ಆಯ್ಕೆಯ ಬಗೆಬಗೆ ಕಾಣಸಿಗುತ್ತದೆ. ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಕಾಲೇಜು ಸೇರಿದ್ದು ವಿಜ್ಞಾನದ ವಿದ್ಯಾರ್ಥಿಯಾಗಿ. ತಂದೆ ಗಣಿತದ ಪ್ರಾಧ್ಯಾಪಕರು. ಮಗನ ತಲೆ ಗಣಿತದ್ದಲ್ಲ ಎಂದು ಅವರೇ ಕಂಡುಕೊಂಡು, ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ವಿಷಯವನ್ನು ಇಂಗ್ಲಿಷಿಗೆ ಬದಲಾಯಿಸಿದರು. ಮಗ ತನ್ನ ವಿಷಯವನ್ನೇ ಓದಬೇಕೆಂದು ಹಟ ಹಿಡಿಯದ ಪ್ರಾಧ್ಯಾಪಕ ಅಪರೂಪ. ಗಿರೀಶ ಕಾರ್ನಾಡರದು ಲೆಕ್ಕಾಚಾರದ ಆಯ್ಕೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅವರು ಗಣಿತ, ಸಂಖ್ಯಾಶಾಸ್ತ್ರ ಹಿಡಿದದ್ದು ಅಂಕ ಚೆನ್ನಾಗಿ ಬರುತ್ತವೆ, ಅಂಕ ಬಂದರೆ ವಿದ್ಯಾರ್ಥಿವೇತನ ಪಡೆದು ವಿದೇಶಕ್ಕೆ ಹೋಗಬಹುದು ಎಂದು. 1958ರಲ್ಲಿ ಪದವಿಯಾಯಿತು, ಆಮೇಲೆ ರೋಡ್ಸ್ ವಿದ್ಯಾರ್ಥಿವೇತನವೂ ಬಂತು. ಆಕ್ಸ್‌ಫರ್ಡಿನಲ್ಲಿ ಅವರು ಓದಿದ್ದು ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಎಸ್.ಎಲ್. ಭೈರಪ್ಪನವರ ಆಯ್ಕೆಯಲ್ಲಿ ಅಂಕದ ಲೆಕ್ಕವಿರಲಿಲ್ಲ. ಪ್ಲೇಗಿನಲ್ಲಿ ಮನೆಮಂದಿಯನ್ನು ಕಳೆದುಕೊಂಡ ಹುಡುಗನಿಗೆ ಸಾವು ಎಂದರೇನು ಎಂಬ ಪ್ರಶ್ನೆ ಅಂಟಿಕೊಂಡಿತ್ತು. ಅದು ಅವರನ್ನು ತತ್ತ್ವಶಾಸ್ತ್ರದ ಎಂ.ಎ.ಗೆ ತಂದಿತು, ಚಿನ್ನದ ಪದಕವೂ ಜೊತೆಗೆ ಬಂತು.

ಕೆಲಸದ ಚಿಂತೆಯನ್ನು ಬಿಟ್ಟು ಈ ಆಯ್ಕೆ ನಡೆಯದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ.ಎ. ಶುರುವಾದಾಗ ಆರಂಭದಲ್ಲೇ ಸೇರಿದವರಲ್ಲಿ ಕುವೆಂಪು ಒಬ್ಬರು. 1929ರಲ್ಲಿ ಪದವಿ ಮುಗಿಸಿ ಅದೇ ವರ್ಷ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ಈಗ ನಡುವೆ ಹಲವು ಗೇಟುಗಳಿವೆ. ಅಧ್ಯಾಪಕರಾಗಲು ಬರೆಯುವ ಯುಜಿಸಿ ನೆಟ್‌ಗೆ ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ. 55, ಮೀಸಲಾತಿಯ ವರ್ಗಗಳಿಗೆ ಶೇ. 50 ಅಂಕ ಬೇಕು. ಆದ್ದರಿಂದ ಅಂಕ ಬರುವ ವಿಷಯವನ್ನು ಹುಡುಕುವುದರಲ್ಲಿ ತಪ್ಪೇನಿಲ್ಲ. ಆದರೆ ಅದೇ ನೆಟ್ ಪರೀಕ್ಷೆಯ ಒಟ್ಟು 300 ಅಂಕಗಳಲ್ಲಿ 200 ಅಂಕ ಆಯ್ದ ವಿಷಯದ 100 ಪ್ರಶ್ನೆಗಳಿಗೆ ಮೀಸಲು. ಗೈಡು, ಝೆರಾಕ್ಸ್ ನೋಟ್ಸ್‌ಗಳಿಂದ ದಾಟಿಬಂದ ಸುಲಭದ ವಿಷಯ ಇಲ್ಲಿ ತನ್ನ ಬಾಕಿಯನ್ನು ವಸೂಲು ಮಾಡುತ್ತದೆ. ಎಲ್ಲರೂ ಸುಲಭವೆಂದು ನುಗ್ಗಿದ ವಿಷಯದಲ್ಲಿ ಅತಿಥಿ ಉಪನ್ಯಾಸಕರ ಸಾಲೂ ಉದ್ದವಿರುತ್ತದೆ.

ಅರ್ಜಿ ಹಾಕುವ ಮೊದಲು ಮಾಡಬಹುದಾದ ಕೆಲಸ ಸಣ್ಣದು. ವಿಶ್ವವಿದ್ಯಾನಿಲಯದ ಪಠ್ಯಕ್ರಮವನ್ನು ತೆಗೆದು, ಅತ್ಯಂತ ನೀರಸವೆಂದು ಕಾಣುವ ಪತ್ರಿಕೆಯ ಒಂದು ಪುಸ್ತಕವನ್ನು ವಾರದ ಮಟ್ಟಿಗೆ ಓದಿ ನೋಡಬೇಕು. ಹಳೆಯ ಪ್ರಶ್ನೆಪತ್ರಿಕೆಗಳೂ ಸಿಗುತ್ತವೆ. ಸಲಹೆ ಕೇಳುವುದಾದರೆ ಮೂರನೆಯ ಸೆಮಿಸ್ಟರಿನವರನ್ನು ಕೇಳುವುದು ಮೇಲು. ಮೊದಲ ಸೆಮಿಸ್ಟರಿನವರಿಗೆ ವಿಭಾಗದ ಮೆಟ್ಟಿಲು ಹತ್ತಿದ ಉತ್ಸಾಹವೇ ಇನ್ನೂ ಇಳಿದಿರುವುದಿಲ್ಲ. ಸೀಟು ಸಿಕ್ಕ ಮೇಲೆ ವಿಭಾಗ ಬದಲಿಸಲು ಅವಕಾಶವಿರುವುದು ಪ್ರವೇಶದ ದಿನಾಂಕ ಮುಗಿಯುವವರೆಗೆ ಮಾತ್ರ, ಅದೂ ಬೇರೆ ಕಡೆ ಸೀಟು ಉಳಿದಿದ್ದರೆ.

ತಪ್ಪಿದ ಆಯ್ಕೆಗೆ ಕರ್ನಾಟಕದಲ್ಲಿ ಎರಡನೆಯ ಎಂ.ಎ. ಎಂಬ ದಾರಿ ಇದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ಈ ಕೆಲಸ ಮಾಡುತ್ತಿತ್ತು. ಇಲ್ಲಿ ಹೆಸರು ನೋಂದಾಯಿಸುವ ಶಾಲಾ ಮಾಸ್ತರರು, ಬ್ಯಾಂಕಿನವರು, ಗೃಹಿಣಿಯರಲ್ಲಿ ಎರಡು ಪಂಗಡ. ಬಡ್ತಿಗೆ ಒಂದು ಪದವಿ ಬೇಕೆಂದು ಸುಲಭದ ವಿಷಯ ಹಿಡಿದವರು ಒಂದು ಕಡೆ. ಮೊದಲ ಎಂ.ಎ.ಯನ್ನು ಮನೆಯವರಿಗಾಗಿಯೋ ಕೆಲಸಕ್ಕಾಗಿಯೋ ಮುಗಿಸಿ, ಸಂಬಳಕ್ಕೆ ನಯಾಪೈಸೆ ಸೇರದಿದ್ದರೂ ಬೇಕಾದ ವಿಷಯಕ್ಕೆ ಶುಲ್ಕ ಕಟ್ಟುವವರು ಇನ್ನೊಂದು ಕಡೆ. ಭಾನುವಾರದ ಸಂಪರ್ಕ ತರಗತಿಯಲ್ಲಿ ಮುಂದಿನ ಬೆಂಚು ಹಿಡಿದು, ಹಳಗನ್ನಡದ ಅನ್ವಯದ ಬಗ್ಗೆ ತಮಗಿಂತ ಕಿರಿಯ ಮೇಷ್ಟ್ರ ಜೊತೆ ವಾದಕ್ಕಿಳಿಯುವವರು ಈ ಎರಡನೆಯ ಪಂಗಡದವರೇ.